ಷಾರ್ಲೆಟ್‌ಗೆ ಹೋದ ಬೀಸುಕಲ್ಲು

ಅಮೆರಿಕಕ್ಕೆ ಹೋಗಲು ನನಗೆ ವೀಸಾ ಬೇಕಾಯಿತು. ನನ್ನ ಹೊಟ್ಟೆಕಿಚ್ಚಿಗೆ ಬೇಕಾಗಲಿಲ್ಲ. ಅದು ಎಷ್ಟೋ ವರ್ಷ ಮೊದಲೇ ಅಲ್ಲಿಗೆ ಹೋಗಿ ತಂಗಿಯ ಮನೆಯಲ್ಲಿ ಕಾಲು ಚಾಚಿ ಕೂತಿತ್ತು. ಮುಚ್ಚಿಟ್ಟು ಏನು ಬಂತು? ನಾನು ಹೊರಟದ್ದು ಶ್ವೇತಭವನ ನೋಡಲಿಕ್ಕಲ್ಲ, ತಂಗಿ ವಿಜಯಾಳನ್ನು ನೋಡಲಿಕ್ಕೂ ಅಲ್ಲ. ನಮ್ಮ ಅವ್ವನ ಬೀಸುಕಲ್ಲನ್ನು ನೋಡಲಿಕ್ಕೆ. ನೋಡಿ, ಸಾಧ್ಯವಾದರೆ ತರಲಿಕ್ಕೆ.

ನಮ್ಮೂರು ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಅಷ್ಟರಲ್ಲಿ ಅವ್ವ ತೀರಿಹೋಗಿದ್ದಳು. ಊರು ಖಾಲಿ ಮಾಡುವಾಗ ಎಲ್ಲರೂ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರಂತೆ. ನಾನು ಆಗ ಹುಬ್ಬಳ್ಳಿಯಲ್ಲಿ, ಕಾಲು ಮುರಿದುಕೊಂಡ ಗಂಡನ ಜೊತೆ ಆಸ್ಪತ್ರೆಯಲ್ಲಿದ್ದೆ. ರಜೆಗೆ ಬಂದಿದ್ದ ವಿಜಯಾ ಊರಿಗೆ ಹೋದಳು, ಪಡಸಾಲೆಯ ಬೀಸುಕಲ್ಲನ್ನು ಎಬ್ಬಿಸಿದಳು, ಪೆಟ್ಟಿಗೆಗೆ ಹಾಕಿಸಿ ಹಡಗು ಹತ್ತಿಸಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹಿರಿಯ ಮಗಳು ನಾನು! ನಸುಕಿನಲ್ಲಿ ಎದ್ದು ಅವ್ವನ ಎದುರು ಕೂತು ಜೋಳ ಬೀಸಿದವಳು ನಾನು. ಅವಳು ಆಗ ಕೌದಿ ಹೊದ್ದು ಮಲಗಿರುತ್ತಿದ್ದಳು. ಮುಂದೆ ಡಾಕ್ಟರ್ ಆಗುವವಳಲ್ಲವೇ, ನಿದ್ದೆ ಬೇಕಿತ್ತು.

ಈಗ ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಮನೆಯ ಕಟ್ಟೆ ಕೆಸರಿನಿಂದ ತಲೆ ಎತ್ತುತ್ತದೆ. ನಾನು ಪ್ರತಿ ವರ್ಷ ಹೋಗಿ ಅದರ ಮೇಲೆ ಕೂತು, ಬುತ್ತಿ ಬಿಚ್ಚಿ ಉಂಡು, ಫೋಟೋ ತೆಗೆಸಿಕೊಂಡು ಬರುತ್ತೇನೆ. ಬೀಸುಕಲ್ಲು ಇದ್ದ ಜಾಗದಲ್ಲಿ ಒಂದು ಗುಂಡನೆಯ ಗುಣಿ ಇದೆ. ಅದನ್ನು ಕಂಡಾಗಲೆಲ್ಲ ನನಗೆ ವಿಜಯಾಳ ನೆನಪಾಗುತ್ತದೆ, ಒಳ್ಳೆಯ ರೀತಿಯಲ್ಲಲ್ಲ.

ವಾಷಿಂಗ್‌ಟನ್

ವಿಮಾನ ನಿಲ್ದಾಣಕ್ಕೆ ಬಂದವಳು ವಿಜಯಾಳ ಮಗಳು ಅನು. ಅಲ್ಲೇ ಹುಟ್ಟಿದವಳು, ವಾಷಿಂಗ್‌ಟನ್ನಿನಲ್ಲೇ ಕೆಲಸ. "ದೊಡ್ಡಮ್ಮಾ, ಟೈರ್ಡ್ ಇದೀಯಾ? ಬ್ಯಾಗ್ ನನಗೆ ಕೊಡು" ಎಂದು ನನ್ನ ಭಾರದ ಚೀಲವನ್ನು ಹೂವಿನ ಬುಟ್ಟಿಯಂತೆ ಎತ್ತಿಕೊಂಡಳು. ನೋಡಿ, ಇಂಥ ಮಗಳೂ ಅವಳಿಗೇ!

ಮರುದಿನ ಅನು ನನ್ನನ್ನು ಅಮೆರಿಕದ ಮೂಲನಿವಾಸಿಗಳ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ಗರಿಗಳು, ಬುಟ್ಟಿಗಳು, ಮಣಿಯ ಕೆಲಸದ ಚರ್ಮದ ಅಂಗಿಗಳು. ಒಂದು ಗಾಜಿನ ಪೆಟ್ಟಿಗೆಯ ಮುಂದೆ ನನ್ನ ಕಾಲು ನಿಂತವು. ಒಳಗೆ ನಡು ಸವೆದು ಹಳ್ಳ ಬಿದ್ದ ಒಂದು ಅರೆಯುವ ಕಲ್ಲು. ಎಷ್ಟು ತಾಯಂದಿರ ಕೈ ಆಡಿದ್ದರೆ ಕಲ್ಲು ಹಾಗೆ ಸವೆದೀತು! ಉಳಿ ಮುಟ್ಟಿಸಿದ ಗುರುತು ಇದೆಯೇ ಎಂದು ನೋಡಲು ಮೂಗನ್ನು ಗಾಜಿಗೆ ಒತ್ತಿದೆ. "ಮ್ಯಾಮ್, ಪ್ಲೀಸ್ ಸ್ಟೆಪ್ ಬ್ಯಾಕ್" ಎಂದ ಕಾವಲಿನವನು. ಗಾಜಿನ ಮೇಲೆ ನನ್ನ ಮೂಗಿನ ಎಣ್ಣೆ ಉಳಿಯಿತು. ಅನು ತನ್ನ ಕರವಸ್ತ್ರದಲ್ಲಿ ಒರೆಸಿದಳು.

ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಮೂರೂ ಈ ಜನರೇ ಸಾವಿರಾರು ವರ್ಷ ಬೆಳೆದಂಥವು, ಹಡಗಿನಲ್ಲಿ ಬಂದ ಯುರೋಪಿನವರು ಒಯ್ದು ನಮಗೆಲ್ಲ ಮುಟ್ಟಿಸಿದರು ಎಂದು ಅನು ಹೇಳಿದಾಗ ನನಗೆ ಸಿಟ್ಟೇ ಬಂತು. ನನ್ನ ಚೀಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿ ಇತ್ತು. ನಮ್ಮದು ನಮ್ಮದು ಎಂದು ಮೆರೆದದ್ದನ್ನು ತವರಿಗೇ ಹೊತ್ತು ತಂದಂತಾಯಿತು.

"ಒಯ್ದವರು ತಿರುಗಿ ಏನ ಕೊಟ್ಟರು?" ಎಂದೆ.

"ಸ್ಮಾಲ್ ಪಾಕ್ಸ್" ಎಂದಳು ಅನು. "ಸಿಡುಬು ಅಂತಾರಲ್ಲ? ಅದು ಊರಿಗೆ ಊರೇ ಫಿನಿಶ್ ಮಾಡ್ತು, ದೊಡ್ಡಮ್ಮಾ. ಉಳಿದವರ ಲ್ಯಾಂಡ್ ಹೋಯ್ತು. ಆಮೇಲೆ ಮ್ಯೂಸಿಯಂನವರು ಬಂದು ಉಳಿದಿದ್ದ ಸಾಮಾನು ತಗೊಂಡು ಹೋದ್ರು. ಈಗ ಲಾ ಇದೆ. ಬೋನ್ಸ್, ಪೂಜೆ ಥಿಂಗ್ಸ್, ಟ್ರೈಬ್ ಕೇಳಿದ್ರೆ ರಿಟರ್ನ್ ಮಾಡ್ಬೇಕು."

ನನ್ನ ಕಿವಿ ನೆಟ್ಟಗಾದವು. "ಪೂಜಿ ಸಾಮಾನು ವಾಪಸ್ ಕೊಡಬೇಕಂತ ಕಾನೂನೇ ಐತೇನು? ಮದುವ್ಯಾಗ ನಾವು ಬೀಸುಕಲ್ಲಿಗೆ ಅರಿಷಿಣ ಹಚ್ಚಿ ಪೂಜಿ ಮಾಡ್ತೀವಿ, ಗೊತ್ತೈತಿಲ್ಲೋ?"

ಅನು ನನ್ನ ಮುಖವನ್ನೇ ನೋಡಿದಳು. "ಓ ಗಾಡ್. ಅಮ್ಮನ ಸ್ಟೋನ್ ಬಗ್ಗೆ ಹೇಳ್ತಿದೀಯಾ?"

ಷಾರ್ಲೆಟ್

ಅನು ರಜೆ ಹಾಕಿ ನನ್ನನ್ನು ಕಾರಿನಲ್ಲಿ ಷಾರ್ಲೆಟ್‌ಗೆ, ವಿಜಯಾಳ ಮನೆಗೆ ಕರೆತಂದಳು. ಆ ಮನೆಯ ಬಗ್ಗೆ ಬರೆಯಬಾರದು ಎಂದುಕೊಂಡಿದ್ದೆ, ಆದರೆ ಬರೆಯದಿದ್ದರೆ ನನ್ನ ಹೊಟ್ಟೆ ತಣ್ಣಗಾಗದು. ಅಡುಗೆಮನೆಯ ನಡುವೆ ಒಂದು ಕಲ್ಲಿನ ಹಾಸು, ಅದರ ಮೇಲೆ ನಮ್ಮ ಮನೆಯ ನಾಲ್ಕೂ ಮಂದಿ ಮಲಗಬಹುದು. ಹಿತ್ತಿಲಲ್ಲಿ ಕೆಂಪು ಮಣ್ಣು, ಅದರ ಮೇಲೆ ಬಾಚಣಿಗೆ ಹಾಕಿ ಬಾಚಿದಂಥ ಹುಲ್ಲು. ಆ ಹುಲ್ಲನ್ನು ಯಾವ ದನವೂ ತಿನ್ನುವುದಿಲ್ಲ. ಕತ್ತರಿಸಲು ಒಬ್ಬ ಬರುತ್ತಾನೆ, ಕತ್ತರಿಸಿ ಒಯ್ಯುತ್ತಾನೆ. ನಮ್ಮ ಕಡೆಯವರು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ.

ಬೀಸುಕಲ್ಲು ಮುಂಬಾಗಿಲು ತೆರೆದ ಕೂಡಲೇ ಕಾಣುವ ಜಾಗದಲ್ಲಿತ್ತು. ಮೇಲಿನಿಂದ ಅದಕ್ಕೆಂದೇ ಒಂದು ದೀಪ. ಕಾಳು ಹಾಕುವ ಬಾಯಿಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿದ್ದರು. ನಾನು ಚಪ್ಪಲಿ ಬಿಟ್ಟವಳೇ ಅಲ್ಲಿ ಕೂತು ಗೂಟ ಹಿಡಿದೆ. ಅವ್ವನ ಅಂಗೈ ಸವೆಸಿ ನುಣುಪು ಮಾಡಿದ ಕಟ್ಟಿಗೆ. ಕಣ್ಣು ತುಂಬಿದವು. ವಿಜಯಾ ಹಿಂದೆ ನಿಂತು, "ಅಕ್ಕಾ, ಮೊದಲು ಫ್ರೆಶ್ ಆಗು, ಚಾ ಮಾಡ್ತೀನಿ" ಎಂದಳು.

ಶನಿವಾರ ನನ್ನನ್ನು ತೋರಿಸಲೆಂದು ಊಟಕ್ಕೆ ಜನರನ್ನು ಕರೆದಿದ್ದರು. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯ ಡಾಕ್ಟರುಗಳು, ಎಂಜಿನಿಯರುಗಳು. ಎಲ್ಲ ಒಳ್ಳೆಯವರೇ. ನನ್ನ ಚಟ್ನಿಪುಡಿಯನ್ನು ಬಾಯಿ ತುಂಬ ಹೊಗಳಿದರು. ಊಟಕ್ಕೆ ಮೊದಲು ವಿಜಯಾಳ ಗಂಡ ಮಹಾಂತೇಶ ಹೊಸ ಅತಿಥಿಗಳನ್ನು ಕಲ್ಲಿನ ಹತ್ತಿರ ಕರೆತಂದ. "ದಿಸ್ ಈಸ್ ಅವರ್ ಏನ್ಷಿಯಂಟ್ ಮಿಕ್ಸಿ! ಟ್ರೈ ಮಾಡ್ರಿ, ಟ್ರೈ ಮಾಡ್ರಿ" ಎಂದು ಖಾಲಿ ಕಲ್ಲನ್ನು ಗರಗರ ತಿರುಗಿಸಿದ. ಕಲ್ಲು ಕಲ್ಲನ್ನೇ ತಿನ್ನುವ ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು.

"ಕೈ ತಗೀ!" ಎಂದು ಕೂಗಿಯೇಬಿಟ್ಟೆ. "ಖಾಲಿ ತೊಟ್ಟಿಲಾ ತೂಗಬಾರದು, ಖಾಲಿ ಕಲ್ಲು ತಿರುವಬಾರದು. ಮನಿತನಕ್ಕ ಒಳ್ಳೇದಲ್ಲ. ಇಷ್ಟೂ ಗೊತ್ತಿಲ್ಲೇನು?"

ಮಹಾಂತೇಶ ಕೈ ಹಿಂದೆ ಕಟ್ಟಿಕೊಂಡು, "ಸಾರಿ ಅಕ್ಕಾರ" ಎಂದ. ಎಲ್ಲರೂ ಹಪ್ಪಳದ ಕಡೆ ತಿರುಗಿದರು. ವಿಜಯಾಳ ಮುಖ ಮಾತ್ರ ಕೆಂಪಾಯಿತು.

ಮರುದಿನ ಚಹಾ ಕುಡಿಯುವಾಗ ನೇರ ಕೇಳಿದೆ. "ಕಲ್ಲು ನನಗ ಕೊಡು. ನಾ ಒಯ್ತೀನಿ."

"ಒಯ್ದು ಎಲ್ಲಿ ಇಡ್ತಿ? ನಿಂದು ಎರಡನೇ ಮಾಳಿಗಿ ಫ್ಲ್ಯಾಟು. ಒಗ್ಗರಣಿ ಬೆಳ್ಳುಳ್ಳಿ ಜಜ್ಜಿದರೂ ಕೆಳಗಿನ ಮನಿಯವರು ಬಂದು ಬೆಲ್ ಒತ್ತುತಾರ ಅಂತ ನೀನ ಹೇಳೀದಿ."

"ಎಲ್ಲೆರೆ ಇಡ್ತೀನಿ. ಅದು ನಮ್ಮನಿದು."

"ನಮ್ಮನಿ ಎಲ್ಲೈತಕ್ಕಾ?" ಎಂದಳು ವಿಜಯಾ.

ವಾದದಲ್ಲಿ ಸೋತಾಗ ನಾನು ಮಾತು ಬಿಡುತ್ತೇನೆ, ಅದು ನನ್ನ ಹಳೆಯ ಚಾಳಿ. ಇಬ್ಬರೂ ಅನುವಿನ ಮೂಲಕ ಉಪ್ಪು, ನೀರು ಕೇಳಿಕೊಳ್ಳತೊಡಗಿದೆವು. ಆ ಹುಡುಗಿಗೆ ಸಾಕಾಯಿತು. "ಇಬ್ಬರೂ ಕಾರ್‌ನಲ್ಲಿ ಕೂತ್ಕೊಳ್ಳಿ. ಮೌಂಟನ್ಸ್‌ಗೆ ಹೋಗೋಣ" ಎಂದಳು.

ಚೆರೋಕಿ

ಷಾರ್ಲೆಟ್ ದಾಟಿ ಪಡುವಣಕ್ಕೆ ಹೋದಂತೆ ನೆಲ ಏಳುತ್ತದೆ. ನೀಲಿ ಗುಡ್ಡಗಳು ಒಂದರ ಹಿಂದೊಂದು. ಅನು ಕಾರು ನಡೆಸುತ್ತ ಕಥೆ ಹೇಳಿದಳು. ಬಂಗಾರ ಹುಡುಕಿಕೊಂಡು ಸ್ಪೇನಿನ ದಂಡೊಂದು ಈ ಸೀಮೆಯಲ್ಲಿ ಹಾದು ಹೋಯಿತಂತೆ. ಕುದುರೆ, ಹಂದಿಯ ಹಿಂಡು, ಕಬ್ಬಿಣದ ಸಂಕೋಲೆ. ಬಂಗಾರ ಸಿಗಲಿಲ್ಲ. ಊರೂರಿನ ಕಣಜದ ಗೋವಿನಜೋಳ ತೆಗೆದುಕೊಂಡರು, ಮೂಟೆ ಹೊರಲು ಊರಿನ ಗಂಡಸರನ್ನು ಸಂಕೋಲೆ ಹಾಕಿ ಒಯ್ದರು, ಬೀಸಿ ಬೇಯಿಸಲು ಹೆಂಗಸರನ್ನು. ಆಮೇಲೆ ಇಂಗ್ಲಿಷರು ಬಂದರು. ಕೊನೆಗೆ ಅಮೆರಿಕದ ಸರಕಾರವೇ ಇಲ್ಲಿಯ ಚೆರೋಕಿ ಜನರನ್ನು ಸೈನ್ಯ ಕಳಿಸಿ ಪಡುವಣಕ್ಕೆ ಅಟ್ಟಿತು. ದಾರಿಯಲ್ಲೇ ಸಾವಿರಾರು ಜನ ಸತ್ತರು. ಗುಡ್ಡದಲ್ಲಿ ಅಡಗಿ ಉಳಿದವರ, ಹೇಗೋ ಇಲ್ಲೇ ನೆಲೆ ಉಳಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಈಗ ನಾವು ಹೊರಟ ಊರಿನಲ್ಲಿದ್ದಾರೆ.

ನಮ್ಮೂರಿಗೂ ಅಳತೆಯ ಸರಪಳಿ ಹಿಡಿದು ಜನ ಬಂದಿದ್ದರು. ಆದರೆ ಯಾರೂ ಬಂದೂಕು ತೋರಿಸಲಿಲ್ಲ. ಪರಿಹಾರ ಕೊಟ್ಟರು, ನಮ್ಮ ನೀರು ಯಾರದೋ ಹೊಲಕ್ಕೆ ಹೋಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ದೇವರು ಮೆಚ್ಚುವುದಿಲ್ಲ, ಅಷ್ಟು ನನಗೂ ಗೊತ್ತು.

ಚೆರೋಕಿ ಊರಿನಲ್ಲಿ ಹಳೆಯ ಕಾಲದ ಹಳ್ಳಿಯೊಂದನ್ನು ಕಟ್ಟಿ ತೋರಿಸುತ್ತಾರೆ. ಅಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಮರದ ದಿಮ್ಮಿಯ ಒರಳಿನಲ್ಲಿ ಗೋವಿನಜೋಳ ಕುಟ್ಟುತ್ತಿದ್ದಳು. ನನ್ನ ವಯಸ್ಸಿನವಳೇ. ಬಣ್ಣದ ಪಟ್ಟಿಗಳ ಲಂಗ, ಕಾಲಿಗೆ ಬೂಟು. ನೋಡುತ್ತ ನಿಂತ ನನಗೆ ಕೈ ಕಡಿಯತೊಡಗಿತು. ಯಾಕೆಂದರೆ ಅವಳು ಒನಕೆಯನ್ನು ತಲೆಕೆಳಗಾಗಿ ಹಿಡಿದಿದ್ದಳು! ದಪ್ಪ ತುದಿ ಮೇಲೆ, ಸಣ್ಣ ತುದಿ ಕೆಳಗೆ. ಪಾಪ, ಇಷ್ಟು ಜನರ ಮುಂದೆ ಮರ್ಯಾದೆ ಹೋಗಬಾರದೆಂದು ನಾನು ಅಡ್ಡ ಕಟ್ಟಿದ ಹಗ್ಗ ದಾಟಿ ಹೋಗಿ, ನಗುತ್ತ ಅವಳ ಕೈಯಿಂದ ಒನಕೆ ತೆಗೆದುಕೊಂಡು, ತಿರುಗಿಸಿ, ಎತ್ತಿ ಹಾಕಿದೆ.

ಆ ದಪ್ಪ ತುದಿ ಒರಳಿನ ಬಾಯಿಗೆ ಹಿಡಿಸಲೇ ಇಲ್ಲ. ಅಂಚಿಗೆ ಬಡಿದು, ಒನಕೆ ಜಿಗಿದು, ಅರ್ಧ ಕಾಳು ನೋಡುವವರ ಮೇಲೆ ಹಾರಿತು. ಒಬ್ಬ ಯಜಮಾನನ ಟೋಪಿಯ ಮೇಲೆ ನಾಲ್ಕು ಕಾಳು. "ಯವ್ವಾ!" ಎಂದೆ ನಾನು. ವಿಜಯಾ ಮಾತು ಬಿಟ್ಟಿದ್ದನ್ನೂ ಮರೆತು, "ಅಕ್ಕಾ, ಮಾನ ಕಳದೆಲ್ಲ!" ಎಂದು ಓಡಿ ಬಂದಳು.

ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಹೆಸರು ಮಾರ್ಥಾ. ಅವರ ಒನಕೆಯೇ ಹಾಗೆ. ಮೇಲಿನ ದಪ್ಪದ ಭಾರವೇ ಪೆಟ್ಟು ಹಾಕುತ್ತದೆ, ಕೈ ದಾರಿ ತೋರಿಸಿದರೆ ಸಾಕು. ನನ್ನ ಕೈಗೆ ಕೊಟ್ಟು ಕುಟ್ಟಿಸಿದಳು. ಹೌದು ಮಾರಾಯರೇ, ತೋಳಿಗೆ ನೋವೇ ಇಲ್ಲ! ನಮ್ಮ ಅವ್ವನಿಗೆ ಇಂಥದ್ದೊಂದು ಇರಬಾರದಿತ್ತೇ ಎಂದು ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳು ಇನ್ನೊಂದು ಒನಕೆ ತಂದಳು, ಇಬ್ಬರೂ ಜೋಡಿ ಒನಕೆ ಹಾಕಿದೆವು. ಕೈಗೆ ಲಯ ಸಿಕ್ಕಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಕುಟ್ಟುವಾಗ ಅವ್ವ ಹಾಡುತ್ತಿದ್ದ ಸುವ್ವಿ ಪದ ತಾನಾಗಿ ಬಂತು.

ಮಾರ್ಥಾ ಕುಟ್ಟುವುದನ್ನು ನಿಲ್ಲಿಸಿ ಹಾಡನ್ನು ಕೇಳಿದಳು. ಯಾರು ಕಲಿಸಿದರು ಎಂದಳು. ಯಾರೂ ಕಲಿಸಲಿಲ್ಲ, ಅವ್ವ ಹಾಡುತ್ತಿದ್ದಳು, ಬಂತು ಎಂದೆ. ಅನು ಅದನ್ನು ಇಂಗ್ಲಿಷಿನಲ್ಲಿ ಹೇಳಿ ತಿಳಿಸಿದಳು. ಮಾರ್ಥಾ ಒನಕೆಗೆ ಗಲ್ಲ ಊರಿ ತನ್ನ ಕಥೆ ಹೇಳಿದಳು. ಅವಳ ಅಜ್ಜಿಯನ್ನು ಚಿಕ್ಕವಳಿದ್ದಾಗ ಸರಕಾರದ ಬೋರ್ಡಿಂಗ್ ಶಾಲೆಗೆ ಎಳೆದೊಯ್ದಿದ್ದರಂತೆ. ಅಲ್ಲಿ ತಮ್ಮ ಮಾತು ಆಡಿದರೆ ಹೊಡೆತ. ಹೆದರಿದ ಅಜ್ಜಿ ತನ್ನ ಮಗಳಿಗೆ ಆ ಮಾತನ್ನು ಕಲಿಸಲೇ ಇಲ್ಲ. ಮಾರ್ಥಾ ಮೊಮ್ಮಕ್ಕಳನ್ನು ಕಂಡ ಮೇಲೆ, ಮಕ್ಕಳ ಜೊತೆ ತರಗತಿಯಲ್ಲಿ ಕೂತು ಕಲಿತಳು. ಹಾಡುಗಳನ್ನೂ ಅಷ್ಟೇ.

"ನಿನ್ನ ಮೇಲೆ ಜೆಲಸ್ ಆಗಿದ್ದಾಳಂತೆ, ದೊಡ್ಡಮ್ಮಾ" ಎಂದಳು ಅನು.

ಜನ್ಮದಲ್ಲಿ ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು ಎಂದುಕೊಂಡೆ. ಹೇಗೆ ತಡೆದುಕೊಳ್ಳಬೇಕೋ ತಿಳಿಯಲಿಲ್ಲ.

ತಾಯೂರು

ಕೆಲಸ ಮುಗಿಸಿದ ಮಾರ್ಥಾ, ತಾನು ಮನೆಗೆ ಹೋಗುವ ಮುನ್ನ ಒಂದು ಜಾಗಕ್ಕೆ ಹೋಗಬೇಕು, ಬರುವುದಾದರೆ ಹಿಂದೆ ಬನ್ನಿ ಎಂದಳು. ಅವಳ ಹಳೆಯ ಟ್ರಕ್ಕಿನ ಹಿಂದೆ ನಮ್ಮ ಕಾರು. ಗುಡ್ಡಗಳ ನಡುವೆ ಹೊಳೆಯ ಪಕ್ಕದಲ್ಲಿ ಒಂದು ಅಗಲವಾದ ಬಯಲು. ನಡುವೆ ಹುಲ್ಲು ಬೆಳೆದ ತಗ್ಗಾದ ದಿಬ್ಬ. ತೋರಿಸದಿದ್ದರೆ ಹೊಲದ ಬದು ಎಂದುಕೊಳ್ಳಬೇಕು.

ಇದೇ ಅವರ ತಾಯೂರು. ಎಲ್ಲ ಊರುಗಳಿಗೂ ಪೂಜೆಯ ಬೆಂಕಿ ಇಲ್ಲಿಂದಲೇ ಹೋಗುತ್ತಿತ್ತಂತೆ. ಅದು ಕೈ ತಪ್ಪಿ ನೂರಕ್ಕೂ ಹೆಚ್ಚು ವರ್ಷ ಬೇರೆಯವರ ಹೊಲವಾಗಿತ್ತು. ನೇಗಿಲು ಹಾಯಿಸಿ ಹಾಯಿಸಿ, ಹಿರಿಯರು ಮಣ್ಣು ಹೊತ್ತು ಕಟ್ಟಿದ ದಿಬ್ಬ ಕುಗ್ಗಿತು. ಒಂದು ಕಾಲಕ್ಕೆ ಇಲ್ಲಿ ಸಣ್ಣ ವಿಮಾನ ಇಳಿಸುತ್ತಿದ್ದರು. ಕಡೆಗೆ ಚೆರೋಕಿ ಜನರೇ ತಮ್ಮ ನೆಲವನ್ನು ಮರಳಿ ಕೊಂಡರು. ಮಾರ್ಥಾ ಟ್ರಕ್ಕಿನಿಂದ ಒಂದು ತವರದ ಡಬ್ಬಿ ತಂದಳು. ಅವಳ ಮನೆಯ ಹಿತ್ತಿಲಿನ ಮಣ್ಣು. ನಮ್ಮನ್ನು ದೂರದಲ್ಲಿ ನಿಲ್ಲಿಸಿ, ತಾನೊಬ್ಬಳೇ ಹೋಗಿ, ಒಂದು ಹಿಡಿ ಮಣ್ಣನ್ನು ದಿಬ್ಬಕ್ಕೆ ಸುರಿದು ಬಂದಳು. ಹೀಗೆ ಹಿಡಿ ಹಿಡಿಯಾಗಿ ಹಾಕಿದರೆ ಎತ್ತರವಾಗುತ್ತದೆ ಎಂದಳು. ಅವಸರವೇನಿಲ್ಲವಂತೆ.

ನನ್ನ ಎದೆಯಲ್ಲಿ ಉರಿ ಎದ್ದಿತು. ಹೇಳಲು ನಾಚಿಕೆಯಾಗುತ್ತದೆ. ಎಲ್ಲ ಕಳೆದುಕೊಂಡ ಜನರ ಮೇಲೆ ಹೊಟ್ಟೆಕಿಚ್ಚು! ಆದರೆ ಬಂತು. ಇವಳಿಗೆ ನಿಲ್ಲಲು ಜಾಗವಿದೆ, ಮಣ್ಣು ಹಾಕಲು ಜಾಗವಿದೆ. ನಾನು ನಮ್ಮ ಕಟ್ಟೆಗೆ ಮಣ್ಣು ಹಾಕಿದರೆ ಮಳೆಗಾಲದ ನೀರು ತೊಳೆದುಕೊಂಡು ಹೋಗುತ್ತದೆ.

"ಇವರದು ಇವರಿಗೆ ಸಿಕ್ತಲ್ಲೇ ವಿಜಿ" ಎಂದೆ. "ನಮ್ಮದು ನೀರಾಗ ಹೋತು. ಒಂದ ಕಲ್ಲು ಉಳದಿತ್ತು, ಅದನ್ನ ನೀ ಒಯ್ದಿ."

ವಿಜಯಾ ತಿರುಗಿದಳು. ರೋಗಿಗಳಿಗೆ ಕೆಟ್ಟ ಸುದ್ದಿಯನ್ನು ಸಮಾಧಾನದಿಂದ ಹೇಳುವ ಡಾಕ್ಟರು ಅವಳು, ಈಗ ಸಣ್ಣ ಹುಡುಗಿಯ ಹಾಗೆ ಚೀರಿದಳು.

"ನೀ ಪ್ರತಿ ಬ್ಯಾಸಗಿಗೆ ಕಟ್ಟಿ ಮ್ಯಾಲೆ ಕುಂತು ಬುತ್ತಿ ಉಂಡು ಫೋಟೋ ಕಳಸ್ತೀಯಲ್ಲ, ಆ ಫೋಟೋ ಬಂದ ದಿನ ನಾ ಹಾಸ್ಪಿಟಲ್‌ದಾಗ ಯಾರ ಕೂಡೂ ನೆಟ್ಟಗ ಮಾತಾಡಂಗಿಲ್ಲ. ಮಹಾಂತೇಶಗ ಕೇಳು. ಹೊಟ್ಟಿ ಉರೀತತಿ ಅಕ್ಕಾ! ನನಗ ರಜಾ ಸಿಗೂದ್ರಾಗ ನೀರು ಏರಿರತತಿ. ನಿನಗ ಕಟ್ಟಿ ಐತಿ. ನನಗ ಏನೈತಿ? ಒಂದು ಕಲ್ಲು. ಅದನ್ನೂ ಕೇಳ್ತಿ."

ಆ ಮನೆ, ಆ ಹುಲ್ಲು, ಆ ಮಗಳು ಎಲ್ಲ ಇದ್ದವಳಿಗೆ ಕೆಸರಿನ ಕಟ್ಟೆಯ ಮೇಲೆ ಕೂತ ನನ್ನನ್ನು ಕಂಡು ಉರಿ!

ಇಬ್ಬರು ಮುದುಕಿಯರು ಯಾಕೆ ಜಗಳಾಡುತ್ತಿದ್ದಾರೆ ಎಂದು ಮಾರ್ಥಾ ಕೇಳಿದಳು. ಅನು ಹೇಳಿದಳು. ಮಾರ್ಥಾ ಟ್ರಕ್ಕಿಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ವಿಜಯಾಳ ಕೈಗಿಟ್ಟಳು. ತನ್ನ ಹಿತ್ತಿಲಲ್ಲಿ ಬೆಳೆದ ಗೋವಿನಜೋಳ. "ಕಲ್ಲಿಗೆ ಮೊದಲು ಊಟ ಹಾಕಿ. ಆಮೇಲೆ ಯಾರದು ಅಂತ ಜಗಳ ಮಾಡಿ ಅಂತಾಳೆ" ಎಂದಳು ಅನು.

ಮತ್ತೆ ಷಾರ್ಲೆಟ್

ಪ್ಲಾಸ್ಟಿಕ್ ಹೂವನ್ನು ನಾನೇ ಕಿತ್ತು ಬಿಸಾಕಿದೆ. ಕಲ್ಲನ್ನು ತೊಳೆದು, ಒರೆಸಿ, ಅರಿಷಿಣ ಕುಂಕುಮ ಹಚ್ಚಿದೆವು. ಮಾರ್ಥಾ ಕೊಟ್ಟ ಕಾಳಿನ ಮೊದಲ ಹಿಡಿಯನ್ನು ಕಲ್ಲಿನ ಧೂಳು ಹೋಗಲೆಂದು ಬೀಸಿ ಹಕ್ಕಿಗಳಿಗೆ ಹಾಕಿದೆ. ವಿಜಯಾಳಿಗೆ ನೆಲದ ಮೇಲೆ ಕೂರಲು ಬರಲಿಲ್ಲ. ಮೊಣಕಾಲು ಮಡಚುವುದಿಲ್ಲ. ಕಡೆಗೆ ಕಾಲು ಚಾಚಿ, ಗೋಡೆಗೆ ದಿಂಬು ಕೊಟ್ಟು ಕೂತಳು. ಗೂಟದ ಮೇಲೆ ನನ್ನ ಕೈ, ಅದರ ಮೇಲೆ ಅವಳ ಕೈ. ಕಾಳು ಬಿದ್ದ ಮೇಲೆ ಕಲ್ಲಿನ ಸದ್ದೇ ಬೇರೆಯಾಯಿತು. ಸದ್ದು ಕೇಳಿ ಮಹಾಂತೇಶ ಅಡುಗೆಮನೆಯಿಂದ ಹೊರಗೆ ಬಂದ.

ನಾನು ಅವ್ವನ ಬೀಸುವ ಪದ ಎತ್ತಿಕೊಂಡೆ. ನಾಲ್ಕು ನುಡಿ ಆದ ಮೇಲೆ ಮುಂದಿನದು ಮರೆತು ಹೋಯಿತು. ತಡವರಿಸುವಾಗ ವಿಜಯಾ ಅದನ್ನು ಹಾಡಿದಳು. ಅದರ ಮುಂದಿನದನ್ನೂ ಹಾಡಿದಳು. ಅವ್ವನ ದನಿಯೇ, ಅದೇ ಎಳೆತ.

"ನಿನಗ ಹೆಂಗ ಗೊತ್ತು? ನೀ ಮಲಗಿರ್ತಿದ್ದೆಲ್ಲ?"

"ಎಲ್ಲಿ ನಿದ್ದಿ? ಕೌದಿಯೊಳಗ ಕಣ್ಣ ಬಿಟಗೊಂಡು ಕೇಳ್ತಿದ್ದೆ. ನೀವಿಬ್ಬರು ಎದುರಾಬದುರು ಕುಂತು ಹಾಡ್ತಿದ್ರಿ. ಕಲ್ಲಿಗೆ ಇರೂದು ಎರಡ ಮಗ್ಗಲು, ನನಗ ಎಲ್ಲಿ ಜಾಗ ಇತ್ತು? ಊರು ಮುಳುಗೂ ಮುಂದ ಇದನ್ನರ ನನ್ನ ಹತ್ತರ ಇಟ್ಟುಕೋಬೇಕು ಅನಿಸ್ತು. ಕೇಳಿದ್ರ ನೀ ಕೊಡತಿದ್ದೇನು?"

"ಇಲ್ಲ" ಎಂದೆ.

"ಅದಕ್ಕ ಕೇಳಲಿಲ್ಲ."

ಇಬ್ಬರಿಗೂ ನಗು ಬಂತು, ಮೂಗಿನಲ್ಲಿ ಹಿಟ್ಟು. ಆ ಹಿಟ್ಟಿನ ರೊಟ್ಟಿ ಬಡಿದೆ. ಚಟ್ನಿಪುಡಿ ಹಚ್ಚಿಕೊಂಡು ಎಲ್ಲರೂ ನೆಲದ ಮೇಲೆ ಕೂತು ತಿಂದೆವು. ಗೋವಿನಜೋಳ, ಮೆಣಸಿನಕಾಯಿ, ಶೇಂಗಾ, ಎಲ್ಲ ಇಲ್ಲಿನವೇ. ಕಲ್ಲು ಮಾತ್ರ ನಮ್ಮದು.

ನಾನು ಹೊರಡುವ ಮುಂಜಾನೆ ವಿಜಯಾ ಕಲ್ಲಿನ ಹತ್ತಿರ ಬಗ್ಗಿ, ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು. ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಉಡಿಗೆ ಹಾಕಿದಳು.

"ಇದನ್ನ ಒಯ್ಯಿ. ಇನ್ನ ಮ್ಯಾಲೆ ಇಲ್ಲಿ ಯಾರೂ ಖಾಲಿ ಕಲ್ಲು ತಿರುವೂದಿಲ್ಲ. ನೀ ಬಂದಾಗಷ್ಟ ಅದು ತಿರುಗಲಿ."

ಅಟ್ಲಾಂಟಾ, ಆಮೇಲೆ ನಮ್ಮೂರು

ವಿಮಾನಕ್ಕೆ ಅಟ್ಲಾಂಟಾದವರೆಗೆ ಕಾರಿನಲ್ಲಿ ಹೋದೆವು. ಚೆರೋಕಿ ಜನರನ್ನು ಹೊರಗಟ್ಟಿದ ಊರುಗಳು ಅಟ್ಲಾಂಟಾ ಇರುವ ಜಾರ್ಜಿಯಾದಲ್ಲೂ ಇದ್ದವಂತೆ. ಈಗ ಆ ಕಡೆಯೆಲ್ಲ ದೊಡ್ಡ ರಸ್ತೆ, ದೊಡ್ಡ ಅಂಗಡಿ. ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ಬೇರೆ ಹೋಯಿತು. ಅಧಿಕಾರಿ ಹೆಂಗಸು ಗೂಟ ಬಿಚ್ಚಿ, ಎತ್ತಿ, ಆಚೀಚೆ ತಿರುಗಿಸಿ ನೋಡಿದಳು. ಏನಿದು ಎಂದಳು. ನನಗೆ ತಿಳಿದ ಇಂಗ್ಲಿಷಿನಲ್ಲಿ, "ಮೈ ಮದರ್ ಹ್ಯಾಂಡಲ್" ಎಂದೆ. ಅವಳು ಆ ನುಣು‍ಪನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಬಟ್ಟೆ ಸುತ್ತಿ ಕೊಟ್ಟಳು.

ಮುಂದಿನ ಬೇಸಿಗೆಯಲ್ಲಿ ನೀರು ಇಳಿದ ಸುದ್ದಿ ಬಂದ ಕೂಡಲೇ ಊರಿಗೆ ಹೋದೆ. ದಂಡೆಯ ಮೇಲಿನಿಂದ ಒಂದು ಹಿಡಿ ಮಣ್ಣು ತಂದು ಮಾರ್ಥಾಳನ್ನು ನೆನೆದು ಕಟ್ಟೆಗೆ ಹಾಕಿದೆ. ಕೊಚ್ಚಿಕೊಂಡು ಹೋದರೆ ಹೋಗಲಿ, ಮತ್ತೆ ಹಾಕಿದರಾಯಿತು. ಬೀಸುಕಲ್ಲಿದ್ದ ಗುಣಿಯಲ್ಲಿ ಗೂಟವನ್ನು ನೆಟ್ಟು, ಅದರ ಪಕ್ಕದಲ್ಲಿ ಕಾಲು ಚಾಚಿ ಕೂತು, ಬುತ್ತಿ ಬಿಚ್ಚಿ, ಫೋಟೋ ತೆಗೆಸಿಕೊಂಡು ವಿಜಯಾಳಿಗೆ ಕಳಿಸಿದೆ.

ಷಾರ್ಲೆಟ್‌ನಲ್ಲಿ ಆಗ ಇನ್ನೂ ಬೆಳಗಾಗಿರಲಿಲ್ಲ. ಆದರೂ ರೊಟ್ಟಿಯ ಮೊದಲ ತುತ್ತು ನುಂಗುವುದರೊಳಗೆ ಉತ್ತರ ಬಂತು: "ಹೊಟ್ಟಿ ಉರೀತತಿ ಅಕ್ಕಾ."

ಉರೀಲಿ. ಉರಿದರೇನೇ ಬರುತ್ತಾಳೆ.